‘ಪಕ್ಷ’ ಪದದ ಮೂಲ: ರೆಕ್ಕೆಯೋ, ಹದಿನೈದು ದಿನವೋ, ಗುಂಪೋ?

ಪ್ರಶ್ನೆ:
ರಾಜಕೀಯ ಪಕ್ಷ, ಶುಕ್ಲಪಕ್ಷ, ಕನಿಷ್ಠಪಕ್ಷ – ಮೂರರಲ್ಲೂ ಇರುವುದು ಒಂದೇ ಪದವೇ? ಹಕ್ಕಿಗೂ ಇದಕ್ಕೂ ನಂಟಿದೆ ಎನ್ನುತ್ತಾರೆ, ನಿಜವೇ? ಬರೆಯುವಾಗ ಪಕ್ಷ, ಬಣ, ಪಂಗಡಗಳನ್ನು ಹೇಗೆ ಬೇರೆ ಮಾಡಬೇಕು?

ಉತ್ತರ 1:
ಒಂದೇ ಪದ. ಸಂಸ್ಕೃತದಲ್ಲಿ ‘ಪಕ್ಷ’ದ ಹಳೆಯ ಅರ್ಥ ರೆಕ್ಕೆ, ಋಗ್ವೇದದಲ್ಲೇ ಈ ಬಳಕೆಯಿದೆ. ರೆಕ್ಕೆ ಮೈಯ ಎರಡೂ ಕಡೆ ಇರುವುದರಿಂದ ‘ಮಗ್ಗುಲು’ ಎಂಬ ಅರ್ಥ ಬಂತು. ಅಲ್ಲಿಂದ ಮುಂದೆ ಎಲ್ಲವೂ ಸಲೀಸು. ತಿಂಗಳಿಗೆ ಎರಡು ಮಗ್ಗುಲು: ಶುಕ್ಲ, ಕೃಷ್ಣ. ಮದುವೆಯಲ್ಲಿ ವರಪಕ್ಷ, ವಧುಪಕ್ಷ. ಒಂದು ಕಡೆಗೇ ವಾಲಿದರೆ ಪಕ್ಷಪಾತ. ‘ಮಳೆ ಬಂದ ಪಕ್ಷದಲ್ಲಿ’ ಎಂದಾಗಲೂ ಎರಡು ಸಾಧ್ಯತೆಗಳಲ್ಲಿ ಒಂದು ಮಗ್ಗುಲನ್ನು ಹಿಡಿದು ಮಾತಾಡುತ್ತೇವೆ.

ರೆಕ್ಕೆಯುಳ್ಳದ್ದು ಪಕ್ಷಿ. ಅದರ ತದ್ಭವ ಪಕ್ಕಿ; ಪಕಾರ ಹಕಾರವಾಗಿ ಹಕ್ಕಿ. ಯಕ್ಷ–ಜಕ್ಕ, ಅಕ್ಷರ–ಅಕ್ಕರ, ಲಕ್ಷ–ಲಕ್ಕ ನೋಡಿ, ‘ಕ್ಷ’ ಹೋಗಿ ‘ಕ್ಕ’ ಆಗುವುದು ನಿಯಮ. ‘ಪಕ್ಕದ ಮನೆ’ಯ ಪಕ್ಕವೂ ಹೀಗೇ ಬಂದದ್ದು, ಅಲ್ಲಿ ಮಾತ್ರ ಪಕಾರ ಉಳಿಯಿತು.

ಉತ್ತರ 2:
ತರ್ಕಶಾಸ್ತ್ರದ ಅರ್ಥವನ್ನು ಬಿಡಬಾರದು. ‘ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ’ ಎಂಬ ಅನುಮಾನದಲ್ಲಿ (ಇಲ್ಲಿ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು) ಬೆಂಕಿಯಿದೆಯೆಂದು ಸಾಧಿಸಬೇಕಾದ ಬೆಟ್ಟ ಪಕ್ಷ, ಬೆಂಕಿ ಖಚಿತವಾಗಿರುವ ಅಡುಗೆಮನೆ ಸಪಕ್ಷ, ಬೆಂಕಿ ಇರಲಾರದ ಕೊಳ ವಿಪಕ್ಷ. ಇಲ್ಲಿ ವಿಪಕ್ಷ ಎಂದರೆ ಎದುರಾಳಿಯಲ್ಲ. ಪೂರ್ವಪಕ್ಷವನ್ನು ‘ಮೊದಲ ಪಕ್ಷ’ ಎಂದು ಅನುವಾದಿಸಿದರೂ ಅರ್ಥ ಕೆಡುತ್ತದೆ. ಅದು ಖಂಡಿಸುವ ಮುನ್ನ ಮಂಡಿಸುವ ಎದುರುವಾದ.

ಉತ್ತರ 3:
ಪಕ್ಷವನ್ನು 15 ದಿನವೆಂದು ಲೆಕ್ಕ ಹಾಕಬೇಡಿ, ಅದು 15 ತಿಥಿ. ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿದರೆ ಒಂದು ತಿಥಿ. 180 ಡಿಗ್ರಿಗೆ ಪಕ್ಷ ಮುಗಿಯಿತು. ತಿಥಿ ಕ್ಷಯವಾದರೆ, ಅಂದರೆ ಒಂದು ಸೂರ್ಯೋದಯಕ್ಕೂ ಸಿಗದಿದ್ದರೆ, ದಿನ 14ಕ್ಕೆ ಇಳಿಯುತ್ತದೆ; ವೃದ್ಧಿಯಾದರೆ, ಅಂದರೆ ಎರಡು ಸೂರ್ಯೋದಯಕ್ಕೆ ಸಿಕ್ಕರೆ, 16ಕ್ಕೂ ಏರಬಹುದು. ಹಳೇ ಮೈಸೂರಿನ ‘ಪಕ್ಷದ ಹಬ್ಬ’ದ ಪಕ್ಷ ಭಾದ್ರಪದ ಕೃಷ್ಣಪಕ್ಷವೇ.

ಇನ್ನು ಬಣ, ಪಂಗಡ. ಪಂಗಡವೆಂದರೆ ದೊಡ್ಡ ಸಮುದಾಯದೊಳಗಿನ ವಿಭಾಗ. ಆಡಳಿತದ ಭಾಷೆಯಲ್ಲಿ ‘ಪರಿಶಿಷ್ಟ ಪಂಗಡ’ ಎಂದು ನೆಲೆಯಾಗಿದೆ. ಬಣ ಒಂದೇ ಪಕ್ಷದೊಳಗಿನ ಗುಂಪು. ಪತ್ರಿಕೆಗೆ ಬಣ ಸಾಕು, ಕಾನೂನಿಗೆ ಸಾಲದು: 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯಲ್ಲಿ (ಪಕ್ಷಾಂತರ ನಿಷೇಧ ಕಾನೂನು) ಮೂರನೇ ಒಂದು ಭಾಗ ಶಾಸಕರು ಒಡೆದು ಹೋದರೆ ಅನರ್ಹತೆಯಿಂದ ರಕ್ಷಣೆಯಿತ್ತು, 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಉಳಿದಿರುವುದು ಮೂರನೇ ಎರಡು ಭಾಗದ ಒಪ್ಪಿಗೆ ಬೇಕಾದ ವಿಲೀನ ಮಾತ್ರ. ಸುದ್ದಿ ಬರೆಯುವವರು ‘ಒಡಕು’, ‘ವಿಲೀನ’ ಎರಡನ್ನೂ ಬೆರೆಸಿಬಿಡುತ್ತಾರೆ, ದಯವಿಟ್ಟು ಬೆರೆಸಬೇಡಿ.

ಉತ್ತರ 4:
ಸಂಧಿಯ ಒಂದು ಮಾತು. ಪಕ್ಷ+ಅಂತರ ಸವರ್ಣದೀರ್ಘ, ಪಕ್ಷಾಂತರ. ಪಕ್ಷ+ಇತರ ಗುಣಸಂಧಿ, ಪಕ್ಷೇತರ. ಪಕ್ಷೇತರ ಎಂದರೆ ಯಾವ ಪಕ್ಷಕ್ಕೂ ಸೇರದವರು. ಪಕ್ಷಾತೀತ ಎಂದರೆ ಪಕ್ಷಭೇದ ಮೀರಿದ್ದು. ಅಭ್ಯರ್ಥಿ ಪಕ್ಷೇತರ, ಹೋರಾಟ ಪಕ್ಷಾತೀತ.