ಅನಾನಸ್ಸಿಗೆ ಕಂಕುಳಿಲ್ಲ: ‘ವೈಸ್’ ಅಂದರೆ ಜಾಣನೋ, ವಿವೇಕಿಯೋ, ಶಾಣ್ಯಾನೋ?

ಗೆಳೆಯರೇ, ಮೇಷ್ಟ್ರುಗಳ ಒಂದು ಕಮ್ಮಟಕ್ಕೆ ಪಾಠದ ಹಾಳೆ ತಯಾರು ಮಾಡುತ್ತಿದ್ದೇನೆ. ವಿಷಯ, ‘ಗದ್ಯ ಓದಿ ಉತ್ತರಿಸಿ’ ಅನ್ನುವ ಪ್ರಶ್ನೆಗಳನ್ನು ಹೇಗೆ ಬರೆಯಬಾರದು ಅನ್ನೋದು. ಅದಕ್ಕೆ ನ್ಯೂಯಾರ್ಕಿನ ಅನಾನಸ್ ಕಥೆಗಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ. ಕನ್ನಡಕ್ಕೆ ತರಲು ಕೂತೆ, ಪದಗಳು ಕೈಕೊಟ್ಟವು.

ಗೊತ್ತಿಲ್ಲದವರಿಗೆ ಕಥೆ ಇಷ್ಟು. 2012ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ 8ನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಓದಿನ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ಪಿಯರ್ಸನ್ ಕಂಪನಿಯದು. ಅದರಲ್ಲಿ ಒಂದು ಅನಾನಸ್ ಮೊಲವನ್ನು ಓಟದ ಪಂದ್ಯಕ್ಕೆ ಕರೆಯುತ್ತದೆ. ಗೆದ್ದವರಿಗೆ ಒಬ್ಬ ನಿಂಜಾ, ಜೊತೆಗೆ ಜೀವನಪೂರ್ತಿ ಟೂತ್‌ಪೇಸ್ಟ್. ಕಾಲಿಲ್ಲದ ಹಣ್ಣು ಓಟಕ್ಕೆ ಕರೆದಿದೆ ಅಂದರೆ ಏನೋ ಮಸಲತ್ತು ಇರಲೇಬೇಕು ಎಂದು ಕಾಡಿನ ಪ್ರಾಣಿಗಳು ಅನುಮಾನ ಪಡುತ್ತವೆ. ‘ಅದರ ತೋಳಿನೊಳಗೆ ಏನೋ ಇದೆ’ ಎಂಬ ಇಂಗ್ಲಿಷ್ ನುಡಿಗಟ್ಟು ಬರುತ್ತದೆ, ಅಂದರೆ ಅಂಗಿಯ ತೋಳು. ‘ಅನಾನಸ್ಸಿಗೆ ತೋಳಿರೋದಿಲ್ಲ’ ಎಂದು ಗೂಬೆ ಹೇಳುತ್ತದೆ. ಪಂದ್ಯ ಶುರುವಾದರೂ ಅನಾನಸ್ ಕೂತಲ್ಲೇ ಕೂತಿರುತ್ತದೆ. ಮೊಲ ಗೆಲ್ಲುತ್ತದೆ. ಪ್ರಾಣಿಗಳೆಲ್ಲ ಸೇರಿ ಅನಾನಸ್ಸನ್ನು ತಿಂದುಬಿಡುತ್ತವೆ. ಕಥೆಯ ನೀತಿ: ಅನಾನಸ್ಸಿಗೆ ತೋಳಿಲ್ಲ.

ಇಷ್ಟಾದ ಮೇಲೆ ಪ್ರಶ್ನೆಗಳು. ಪ್ರಾಣಿಗಳು ಅನಾನಸ್ ತಿಂದದ್ದು ಏಕೆ? ಎಲ್ಲರಿಗಿಂತ ‘ವೈಸ್’ ಯಾರು: ಮೊಲವೋ, ಮೂಸ್ ಜಿಂಕೆಯೋ, ಕಾಗೆಯೋ, ಗೂಬೆಯೋ?

ಪರೀಕ್ಷೆ ಮುಗಿಸಿ ಬಂದ ಮಕ್ಕಳು ಉತ್ತರ ತಾಳೆ ನೋಡಿದರೆ ಒಬ್ಬರದಕ್ಕೂ ಇನ್ನೊಬ್ಬರದಕ್ಕೂ ತಾಳಮೇಳವೇ ಇಲ್ಲ. ಫೇಸ್‌ಬುಕ್‌ನಲ್ಲಿ ನಗೆಪಾಟಲಾಯಿತು, ಪತ್ರಿಕೆಗಳಿಗೆ ಹೋಯಿತು. ಕೊನೆಗೆ ರಾಜ್ಯದ ಶಿಕ್ಷಣ ಆಯುಕ್ತ ಜಾನ್ ಕಿಂಗ್, ಆ ಪ್ರಶ್ನೆಗಳನ್ನು ಅಂಕಕ್ಕೆ ಹಿಡಿಯೋದಿಲ್ಲ ಎಂದು ಹೇಳಬೇಕಾಯಿತು. ದೊಡ್ಡವರು ತಿದ್ದಿ ತೀಡಿ ಕಳಿಸಿದ್ದರಲ್ಲಿ ಹುಳುಕು ಹಿಡಿದವರು ಹದಿಮೂರು ಹದಿನಾಲ್ಕರ ಹುಡುಗರು. ಕಂಪನಿ ಆಮೇಲೆ ತನ್ನ ಸಮಜಾಯಿಷಿ ಕೊಟ್ಟಿತು. ‘ವೈಸ್’ ಅಂದರೆ ಗೂಬೆ, ಯಾಕೆಂದರೆ ಅದು ಹೇಳಿದ್ದು ನಿಜ, ಅದೇ ಕಥೆಯ ನೀತಿಯೂ ಹೌದು.

ಈಗ ನನ್ನ ಕಷ್ಟ. ‘ವೈಸ್’ ಪದಕ್ಕೆ ಕನ್ನಡದಲ್ಲಿ ಏನು ಹಾಕಿದರೂ ಒಂದು ಪ್ರಾಣಿಯ ಕಡೆ ವಾಲುತ್ತದೆ.

‘ಜಾಣ’ ಎಂದು ಬರೆದರೆ ನಮ್ಮ ಮಕ್ಕಳು ಕಣ್ಣುಮುಚ್ಚಿ ಮೊಲಕ್ಕೆ ಗುರುತು ಹಾಕುತ್ತಾರೆ. ಸಿಂಹವನ್ನು ಬಾವಿಗೆ ಬೀಳಿಸಿದ ಮೊಲದ ಕಥೆ ಕೇಳದ ಮಗು ಯಾವುದಿದೆ? ಇಲ್ಲವೇ ಕಾಗೆಗೆ ಹಾಕುತ್ತಾರೆ, ಹೂಜಿಗೆ ಕಲ್ಲು ಹಾಕಿ ನೀರು ಕುಡಿದದ್ದು ಅದೇ ತಾನೆ. ಅಲ್ಲದೆ ಜಾಣತನದಲ್ಲಿ ನಮಗೆ ಯಾವಾಗಲೂ ಸ್ವಲ್ಪ ಕಳ್ಳಬುದ್ಧಿ ಕಾಣುತ್ತದೆ. ಜಾಣ ಕಿವುಡು, ಜಾಣ ಮರೆವು ಅನ್ನುತ್ತೇವಲ್ಲ. ಸುಮ್ಮನೆ ಇದ್ದ ವಿಷಯ ಇದ್ದಂತೆ ಹೇಳಿದ ಗೂಬೆಯನ್ನು ಜಾಣ ಅನ್ನೋಕೆ ಬಾಯಿ ಬರೋದಿಲ್ಲ.

‘ವಿವೇಕಿ’ ಅರ್ಥಕ್ಕೆ ಹತ್ತಿರ. ಆದರೆ ಎಂಟನೇ ಕ್ಲಾಸಿನ ಮಕ್ಕಳ ಬಾಯಲ್ಲಿ ಆ ಪದ ಎಲ್ಲಿದೆ? ‘ಬುದ್ಧಿವಂತ’ ಎಲ್ಲರಿಗೂ ಗೊತ್ತು. ಆದರೆ ಅದು ಮಾರ್ಕ್ಸ್ ಜಾಸ್ತಿ ತೆಗೆಯುವವನಿಗೆ ಅಂಟಿಕೊಂಡುಬಿಟ್ಟಿದೆ. ‘ಹುಷಾರಿ’ ಇನ್ನೂ ತಮಾಷೆ. ಕರಾವಳಿಯಲ್ಲಿ ‘ಭಾರಿ ಹುಷಾರಿ’ ಅಂದರೆ ಓದಿನಲ್ಲಿ ಚುರುಕು. ಮೈಸೂರು ಕಡೆ ‘ಹುಷಾರಾಗಿದ್ದೀಯಾ’ ಅಂದರೆ ಮೈ ನೆಟ್ಟಗಿದೆಯಾ ಎಂದು. ಆ ಲೆಕ್ಕದಲ್ಲಿ ಕಥೆಯಲ್ಲಿ ಹುಷಾರಿಲ್ಲದೇ ಹೋದದ್ದು ಅನಾನಸ್ ಒಂದೇ! ಉತ್ತರ ಕರ್ನಾಟಕದ ‘ಶಾಣ್ಯಾ’ ನನಗೆ ತುಂಬಾ ಹಿಡಿಸಿದೆ. ಅದರಲ್ಲಿ ತಿಳಿವಳಿಕೆಯೂ ಇದೆ, ‘ದೊಡ್ಡ ಶಾಣ್ಯಾ ಬಂದ ನೋಡ’ ಎನ್ನುವ ಕುಟುಕೂ ಇದೆ. ಗೂಬೆಯ ಆ ಮಾತಿಗೆ ಹೇಳಿ ಮಾಡಿಸಿದ ಪದ. ಆದರೆ ಚಾಮರಾಜನಗರದ ಮೇಷ್ಟ್ರಿಗೆ ಇದನ್ನು ಕೊಟ್ಟರೆ ಏನು ಮಾಡಿಯಾರು?

ಪದ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗ ಗೂಬೆ ಬಂದು ಕೂರುತ್ತದೆ. ಇಂಗ್ಲಿಷ್ ಓದುವ ಮಗುವಿಗೆ ಗೂಬೆ ಅಂದರೆ ಕನ್ನಡಕ ಹಾಕಿದ ಪಂಡಿತ. ಕಥೆ ಓದದೆಯೂ ಅದನ್ನೇ ಆರಿಸಬಹುದು. ನಮ್ಮಲ್ಲಿ ‘ಗೂಬೆ’ ಬೈಗುಳ. ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಿದರೆ ‘ಗೂಬೆ ಕೂರಿಸಿದ’ ಅನ್ನುತ್ತೇವೆ. ಪಂಚತಂತ್ರದಲ್ಲಿ ಕಾಗೆಗೂ ಗೂಬೆಗೂ ಇರುವ ಹಗೆಯ ಮೇಲೆ ಒಂದು ತಂತ್ರವೇ ಇದೆ, ಅಲ್ಲಿ ಗೆಲ್ಲುವುದು ಕಾಗೆ. ಹಾಗಾಗಿ ಅದೇ ಪ್ರಶ್ನೆ, ಅದೇ ನಾಲ್ಕು ಆಯ್ಕೆ ಕನ್ನಡಕ್ಕೆ ಬಂದಾಗ ಉತ್ತರ ತಲೆಕೆಳಗಾಗುತ್ತದೆ. ಮಗು ಕಥೆಯನ್ನು ಎಷ್ಟು ಚೆನ್ನಾಗಿ ಓದಿತು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ, ಮನೆಯಲ್ಲಿ ಯಾವ ಕಥೆ ಕೇಳಿದೆ ಅನ್ನೋದಷ್ಟೇ ಬರುತ್ತದೆ.

ಗೂಬೆಯ ಬದಲು ಹಾಲಕ್ಕಿ ಹಾಕಿದರೆ ಹೇಗೆ? ಅದೂ ಸಣ್ಣ ಗೂಬೆಯೇ. ಬುಡುಬುಡಿಕೆಯವರು ‘ಹಾಲಕ್ಕಿ ನುಡಿತೈತೆ’ ಎಂದು ಬಾಗಿಲಿಗೆ ಬರುತ್ತಿದ್ದರಲ್ಲ, ಮುಂದಾಗೋದು ತಿಳಿದ ಹಕ್ಕಿ ಎಂಬ ಗೌರವ ಅದಕ್ಕಿದೆ. ಆದರೆ ಈಗಿನ ಪೇಟೆ ಮಕ್ಕಳಿಗೆ ಹಾಲಕ್ಕಿ ಗೊತ್ತಾ? ಮೂಸ್‌ಗೆ ಕಡವೆ ಹಾಕಿದ್ದೇನೆ, ಅದರಲ್ಲಿ ತಕರಾರಿಲ್ಲ.

ತೋಳಿನ ಮಾತು ಮಾತ್ರ ಸುಲಭವಾಗಿ ಬಗೆಹರಿಯಿತು, ಖುಷಿಯಾಯಿತು. ನಮ್ಮಲ್ಲಿ ತೋಳೇರಿಸೋದು ಜಗಳಕ್ಕೆ. ಗುಟ್ಟಾಗಿ ಇಟ್ಟುಕೊಳ್ಳೋದು ಕಂಕುಳಲ್ಲಿ. ‘ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ’ ಎಂಬ ಗಾದೆ ಇದೆಯಲ್ಲ. ಹಾಗಾಗಿ, ‘ಈ ಅನಾನಸ್ ಕಂಕುಳಲ್ಲಿ ಏನೋ ಇಟ್ಟುಕೊಂಡಿದೆ’, ‘ಅನಾನಸ್ಸಿಗೆ ಕಂಕುಳೇ ಇಲ್ಲವಲ್ಲ!’ ಎಂದು ಬರೆದಿದ್ದೇನೆ. ಹಾಸ್ಯ ಉಳಿಯಿತು ಅನ್ನಿಸುತ್ತದೆ.

ತಿಂದದ್ದು ಏಕೆ ಎಂಬ ಪ್ರಶ್ನೆಗೆ ಕಂಪನಿಯ ಉತ್ತರ, ಪ್ರಾಣಿಗಳಿಗೆ ರೇಗಿಹೋಗಿತ್ತು ಎಂದು. ‘ಬೇಜಾರಾಗಿ ತಿಂದವು’ ಅಂದರೆ ನಮ್ಮವರು ಹೊತ್ತು ಹೋಗದೆ ಬಾಯಾಡಿಸಿದವು ಅಂದುಕೊಳ್ಳುತ್ತಾರೆ. ‘ರೇಗಿ’ಯೇ ಇರಲಿ. ನಮ್ಮಲ್ಲಿ ರೇಗಿಸುವವರು ತಲೆ ತಿನ್ನುತ್ತಾರೆ, ಅಲ್ಲಿ ರೇಗಿದವರೇ ತಿಂದಿದ್ದಾರೆ.

ಇನ್ನೊಂದು ವಿಷಯ. ಪರೀಕ್ಷೆಗೆಂದು ತಿದ್ದುವ ಮೊದಲು ಮೂಲ ಕಥೆಯಲ್ಲಿ ಅನಾನಸ್ ಇರಲೇ ಇಲ್ಲ, ಬದನೆಕಾಯಿ ಇತ್ತು. ಅದನ್ನೇ ವಾಪಸ್ ತರಲಾ ಎಂಬ ಆಸೆ ಬಲವಾಗಿದೆ. ಪರೀಕ್ಷೆಯ ಹಾಳೆಯಲ್ಲಿ ಪುಸ್ತಕದ ಬದನೆಕಾಯಿ! ಆದರೆ ಹಸಿ ಬದನೆಕಾಯಿಯನ್ನು ಪ್ರಾಣಿಗಳು ಮುತ್ತಿಕೊಂಡು ತಿಂದವು ಅಂದರೆ ಮೇಷ್ಟ್ರುಗಳು ನಂಬಬೇಕಲ್ಲ.

‘ಎಲ್ಲರಿಗಿಂತ ವೈಸ್ ಯಾರು’ ಎಂಬುದನ್ನು ‘ಯಾರ ಮಾತು ನಿಜ’ ಎಂದು ಬದಲಿಸಿ ನೋಡಿದೆ. ತೊಡಕೇ ಮಾಯ. ಆದರೆ ಪ್ರಶ್ನೆ ಒಳ್ಳೆಯದಾಗಿಬಿಟ್ಟಿತು, ನನಗೆ ಬೇಕಿರೋದು ಕೆಟ್ಟ ಪ್ರಶ್ನೆ. ಮೇಷ್ಟ್ರುಗಳೂ ಆ ಮಕ್ಕಳ ಹಾಗೆ ಉತ್ತರ ತಾಳೆ ನೋಡಿ ಕಿತ್ತಾಡಬೇಕು, ಆಗಲೇ ಕಮ್ಮಟಕ್ಕೆ ಅರ್ಥ. ಅಂದರೆ ನಾನು ಹುಡುಕುತ್ತಿರೋದು ಖಚಿತವಾದ ಪದವನ್ನಲ್ಲ, ಇಂಗ್ಲಿಷಿನಷ್ಟೇ ಸಡಿಲವಾಗಿದ್ದು ನಾಲ್ಕೂ ಪ್ರಾಣಿಗಳಿಗೆ ಒಪ್ಪಬಹುದಾದ ಪದವನ್ನು. ‘ತಿಳಿದವನು’ ಆಗಬಹುದಾ? ‘ಬಲ್ಲವನು’? ಕೊಡಗು, ಬೀದರ್, ಕುಂದಾಪುರದ ಕಡೆ ಇಂಥವರಿಗೆ ಬೇರೆ ಹೆಸರಿದ್ದರೆ ತಿಳಿಸಿ. ಹಾಗೇ, ನಿಮ್ಮ ಮನೆಯ ಮಕ್ಕಳು ಪರೀಕ್ಷೆ ಮುಗಿಸಿ ಬಂದು ‘ತಾಳೆ ನೋಡುತ್ತಾರಾ’, ‘ಟ್ಯಾಲಿ ಮಾಡುತ್ತಾರಾ’ ಅದನ್ನೂ ಬರೆಯಿರಿ. ನಾನು ಕೇಳಿದ ಮಕ್ಕಳೆಲ್ಲ ಟ್ಯಾಲಿ ಪಕ್ಷ.