ಬಚ್ಚಲೊಲೆ ಬೂದಿ ಎಲ್ಲಿ ಹಾಕೋದು?

ಮಡಿಕೇರಿ_ಹೋಂಸ್ಟೇ: ಫೈರ್‌ಪ್ಲೇಸ್, ಬಚ್ಚಲೊಲೆ ಎರಡರ ಬೂದಿಯೂ ಮಳೆಗಾಲದಲ್ಲಿ ರಾಶಿ ಬೀಳುತ್ತೆ. ನೇರ ಕಾಫಿ ಬುಡಕ್ಕೆ ಸುರಿಯಬಹುದಾ?

ತೋಟದಮನೆ: ಮೊದಲು ಆರಬೇಕು. ಮೇಲೆ ತಣ್ಣಗಿದ್ರೂ ಒಳಗಿನ ಕೆಂಡ 3–4 ದಿನ ಜೀವ ಹಿಡಿದಿರುತ್ತೆ, ಬೂದಿಯೇ ಅದಕ್ಕೆ ಹೊದಿಕೆ. ಪ್ಲಾಸ್ಟಿಕ್ ಬಕೆಟ್, ಗೋಣಿಚೀಲ ಬೇಡವೇ ಬೇಡ. ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ತುಂಬಿ, ಸೌದೆ ಕೊಟ್ಟಿಗೆಯಿಂದ 10 ಅಡಿಯಾದ್ರೂ ದೂರ, ಕಲ್ಲಿನ ಮೇಲಿಡಿ. ಮನೆಯೊಳಗೆ ಇಡ್ಬೇಡಿ, ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತೆ.

ಕರಿಮೆಣಸು: ಅವಸರ ಇದ್ರೆ ನೀರು ಚಿಮುಕಿಸ್ತಾ ಕಲಸಿ. ಒಮ್ಮೆಲೇ ಸುರಿದ್ರೆ ಹಬೆ, ಬೂದಿ ಮುಖಕ್ಕೇ ಹಾರುತ್ತೆ. ಒದ್ದೆ ಬೂದಿ ಕ್ಷಾರ, ಕೈಗವಸು ಇರಲಿ.

ತೋಟದಮನೆ: ಆರಿದ್ಮೇಲೆ ಹುಳಿಮಣ್ಣಿಗೆ ಒಳ್ಳೇದೇ, ಪೊಟ್ಯಾಶ್, ಸುಣ್ಣ ಎರಡೂ ಇದೆ. ತೆಳ್ಳಗೆ ಎರಚಿ, ಬುಡಕ್ಕೆ ಗುಡ್ಡೆ ಹಾಕ್ಬೇಡಿ. ಯೂರಿಯಾ ಜೊತೆ ಬೆರೆಸಿದ್ರೆ ಅಮೋನಿಯಾ ಹಾರಿಹೋಗಿ ಗೊಬ್ಬರದ ದುಡ್ಡು ದಂಡ. ಪ್ಲೈವುಡ್, ಬಣ್ಣದ ಹಲಗೆ ಸುಟ್ಟ ಬೂದಿ ಮಾತ್ರ ತೋಟಕ್ಕೆ ಬೇಡ.