ಅಮೋನಿಯಾ ಸೋರಿಕೆಯ ತರಬೇತಿಗೆ ವಿಆರ್ ಹೆಡ್‌ಸೆಟ್ ಕೊಳ್ಳುವುದು ಸರಿಯೇ?

ಪ್ರಶ್ನೆ (ತರಬೇತಿ ವಿಭಾಗ, ಮಲ್ಪೆ):

ಮಲ್ಪೆ ಸಮೀಪದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಸಿಬ್ಬಂದಿ ತರಬೇತಿಯ ಹೊಣೆ ನನ್ನ ಮೇಲಿದೆ. ಮೀನು ಶುಚಿಗೊಳಿಸುವ ಮತ್ತು ಪ್ಯಾಕಿಂಗ್ ಮಾಡುವ ವಿಭಾಗಗಳಲ್ಲಿ ಹೆಚ್ಚಿನವರು ಸುತ್ತಮುತ್ತಲಿನ ಊರುಗಳ ಮಹಿಳೆಯರು. ಶೈತ್ಯಾಗಾರ ಮತ್ತು ಲೋಡಿಂಗ್ ಕೆಲಸಕ್ಕೆ ಒಡಿಶಾ, ಬಿಹಾರಗಳಿಂದ ಬಂದ ಯುವಕರಿದ್ದಾರೆ. ಶೈತ್ಯೀಕರಣಕ್ಕೆ ಅಮೋನಿಯಾ ಬಳಸುವುದರಿಂದ ಆಗಾಗ ಸೈರನ್ ಊದಿ ಅಣಕು ತೆರವು ನಡೆಸುತ್ತೇವೆ. ಆದರೆ ವಿಷಯ ಮೊದಲೇ ಗೊತ್ತಿರುವುದರಿಂದ ಎಲ್ಲರೂ ಮಾತನಾಡಿಕೊಳ್ಳುತ್ತಾ ಮುಖ್ಯ ಗೇಟಿನ ಬಳಿಗೆ ಬಂದು ನಿಲ್ಲುತ್ತಾರೆ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಅಂದರೆ ವಿಂಡ್‌ಸಾಕ್ ಕಡೆಗೆ ತಲೆ ಎತ್ತಿ ನೋಡುವವರು ಇಲ್ಲವೆಂದೇ ಹೇಳಬೇಕು.

ಇತ್ತೀಚೆಗೆ ಬೆಂಗಳೂರಿನ ಕಂಪನಿಯೊಂದು ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಕಟ್ಟಿದ ಹೆಡ್‌ಸೆಟ್ಟಿನಲ್ಲಿ ಕಾಣುವ ಕೃತಕ ಪರಿಸರ) ತರಬೇತಿಯ ಪ್ರಾತ್ಯಕ್ಷಿಕೆ ನೀಡಿತು. ಆಡಳಿತದವರು ಮೆಚ್ಚಿಕೊಂಡಿದ್ದಾರೆ. ಆದರೆ ಕಂಪನಿಯವರು ತೋರಿಸಿದ್ದು ಎಲ್ಲಿಯದೋ ಸಮುದ್ರ ಮಧ್ಯದ ತೈಲ ವೇದಿಕೆಯಲ್ಲಿ ಹತ್ತಿಕೊಂಡ ಬೆಂಕಿಯನ್ನು. ನಮ್ಮ ಕಂಪ್ರೆಸರ್ ಕೋಣೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇಂಥ ತರಬೇತಿಯಿಂದ ನಿಜವಾಗಿಯೂ ಕಲಿಕೆಯಾಗುತ್ತದೆಯೇ, ನಮ್ಮಂಥ ಮಧ್ಯಮ ಗಾತ್ರದ ಘಟಕಕ್ಕೆ ಈ ವೆಚ್ಚ ಸಮರ್ಥನೀಯವೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸುರಕ್ಷತಾ ವಿಭಾಗ, ಪಣಂಬೂರು):

ನಿಜವಾಗಿ ಮಾಡಿ ನೋಡಲು ಸಾಧ್ಯವಿಲ್ಲದ ಕೆಲಸವನ್ನು ಕೃತಕ ಪರಿಸರದಲ್ಲಿ ಕಲಿಸುವುದು ಹೊಸತೇನಲ್ಲ. ಎಡ್ವಿನ್ ಲಿಂಕ್ 1929ರಲ್ಲೇ ನೆಲದ ಮೇಲೆ ನಿಂತ ವಿಮಾನ ಸಿಮ್ಯುಲೇಟರನ್ನು ರೂಪಿಸಿದ್ದರು. ಎಂಜಿನ್ ಕೆಟ್ಟಾಗ ಏನು ಮಾಡಬೇಕೆಂಬುದನ್ನು ಪೈಲಟ್‌ಗಳು ಇಂದಿಗೂ ಸಿಮ್ಯುಲೇಟರ್‌ನಲ್ಲೇ ಅಭ್ಯಾಸ ಮಾಡುತ್ತಾರೆ. ಅಮೋನಿಯಾ ಸೋರಿಕೆಯೂ ಅದೇ ಜಾತಿಯದು: ಅಪರೂಪಕ್ಕೆ ಒದಗುತ್ತದೆ, ಒದಗಿದಾಗ ಯೋಚಿಸಲು ಸಮಯ ಕೊಡುವುದಿಲ್ಲ. ಆದ್ದರಿಂದ ವಿಷಯದ ಆಯ್ಕೆ ಸರಿಯಾಗಿಯೇ ಇದೆ. ಆದರೆ ಹೆಡ್‌ಸೆಟ್ಟಿನಲ್ಲಿ ಏನನ್ನು ಕಲಿಸಬೇಕು, ಯಾರಿಗೆ ಕಲಿಸಬೇಕು ಎಂಬುದನ್ನು ಕಂಪನಿಯವರಿಗೆ ಬಿಡದೆ ನೀವೇ ನಿರ್ಧರಿಸಬೇಕು.

ಗಾಳಿಯ ವಿಚಾರವನ್ನೇ ತೆಗೆದುಕೊಳ್ಳಿ. ನಮ್ಮ ಕರಾವಳಿಯಲ್ಲಿ ಹಗಲು ಹೊತ್ತು ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿಯಾದ ಮೇಲೆ ನೆಲದಿಂದ ಕಡಲಿನತ್ತ ತಿರುಗುತ್ತದೆ, ಮಳೆಗಾಲದಲ್ಲಿ ಪಡುವಣ ಗಾಳಿಯದ್ದೇ ಕಾರುಬಾರು. ಹೀಗಿರುವಾಗ ಮುಖ್ಯ ಗೇಟೊಂದೇ ಸೇರುವ ಸ್ಥಳವಾಗಿದ್ದರೆ ಯಾವುದಾದರೂ ಒಂದು ಪಾಳಿಯವರು ಅನಿಲದೊಳಗೇ ನಡೆದು ಹೋಗಬೇಕಾಗುತ್ತದೆ. ಗಾಳಿಗೆ ಅಡ್ಡವಾಗಿ ಸರಿದು, ಆಮೇಲೆ ಗಾಳಿ ಬರುವ ಕಡೆಗೆ ನಡೆಯಬೇಕೆಂಬುದನ್ನು ಪ್ರತಿ ಸಲವೂ ಗಾಳಿಯ ದಿಕ್ಕನ್ನು ಬದಲಿಸಿ ಅಭ್ಯಾಸ ಮಾಡಿಸುವುದು ವಿಆರ್‌ನಲ್ಲಿ ಸುಲಭ, ಅಂಗಳದಲ್ಲಿ ಅಸಾಧ್ಯ. ಕಂಪ್ರೆಸರ್ ಆಪರೇಟರ್‌ಗಳಿಗೆ ಇದಕ್ಕಿಂತ ಮುಂದಿನ ಪಾಠಗಳಿವೆ. ಅಮೋನಿಯಾ ಅನಿಲವು ಗಾಳಿಗಿಂತ ಹಗುರವೇನೋ ಹೌದು, ಆದರೆ ಮೈನಸ್ 33 ಡಿಗ್ರಿಯಲ್ಲಿ ಕುದಿಯುವ ಈ ದ್ರವ ಸೋರಿದಾಗ ತಣ್ಣನೆಯ ಬಿಳಿ ಮಂಜಾಗಿ ನೆಲ ಹಿಡಿದು ಹರಿಯಬಲ್ಲದು. ಆ ಮಂಜಿನ ಮೇಲೆ ನೀರು ಸಿಂಪಡಿಸಿದರೆ ಅನಿಲ ಕರಗುತ್ತದೆ. ಅದೇ ನೀರನ್ನು ನೆಲದಲ್ಲಿ ನಿಂತ ದ್ರವದ ಮೇಲೆ ಸುರಿದರೆ ಅದು ಇನ್ನಷ್ಟು ರಭಸದಿಂದ ಆವಿಯಾಗುತ್ತದೆ. ಹತ್ತು ಲಕ್ಷಕ್ಕೆ 300 ಭಾಗದಷ್ಟು ಸಾಂದ್ರತೆಯೇ ಜೀವಕ್ಕೆ ತಕ್ಷಣದ ಅಪಾಯವೆಂದು ಪರಿಗಣಿತವಾಗಿರುವಾಗ, ಈ ತಪ್ಪನ್ನು ಯಾರೂ ಸ್ಥಳದಲ್ಲೇ ಮಾಡಿ ಕಲಿಯುವಂತಿಲ್ಲ.

ಇನ್ನು ವಿಆರ್ ಕಲಿಸಲಾರದ ಸಂಗತಿಗಳು. ಉಪ್ಪುಗಾಳಿಗೆ ತುಕ್ಕು ಹಿಡಿದ ವಾಲ್ವಿನ ಚಕ್ರವನ್ನು ದಪ್ಪ ಕೈಗವಸು ತೊಟ್ಟು ತಿರುಗಿಸುವುದು, ಬೆನ್ನಿಗೆ ಸಿಲಿಂಡರ್ ಹೊತ್ತು ಉಸಿರಾಡುವುದು, ಗಡ್ಡವಿರುವ ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲವೆಂದು ಅರಿಯುವುದು, ಗಂಬೂಟು ಹಾಕಿಕೊಂಡು ಒದ್ದೆ ನೆಲದಲ್ಲಿ ಬೇಗ ನಡೆಯುವುದು. ಕಂಟ್ರೋಲರಿನ ಗುಂಡಿ ಒತ್ತಿದಾಕ್ಷಣ ವಾಲ್ವ್ ಮುಚ್ಚಿಕೊಳ್ಳುವುದನ್ನೇ ನೋಡಿ ಬೆಳೆದ ಆಪರೇಟರ್ ನನಗಂತೂ ಬೇಡ. ನನ್ನ ಅಭಿಪ್ರಾಯದಲ್ಲಿ ಪ್ಯಾಕಿಂಗ್ ವಿಭಾಗದ ಎಲ್ಲರಿಗೂ ಹೆಡ್‌ಸೆಟ್ ಹಾಕಿಸುವ ಅಗತ್ಯವಿಲ್ಲ. ಆಪರೇಟರ್‌ಗಳು, ಪಾಳಿಯ ಮೇಲ್ವಿಚಾರಕರು ಮತ್ತು ತುರ್ತು ತಂಡದವರಿಗೆ ಸಾಕು; ಉಳಿದವರನ್ನು ಮುನ್ಸೂಚನೆಯಿಲ್ಲದೆ, ಬೇರೆ ಬೇರೆ ಪಾಳಿಗಳಲ್ಲಿ, ನಿಜವಾದ ದಾರಿಯಲ್ಲೇ ನಡೆಸಿ.

ಉತ್ತರ 2 (ತರಬೇತಿ ಸಾಫ್ಟ್‌ವೇರ್, ಮಂಗಳೂರು):

ನಾನು ಇಂಥ ಪಾಠಗಳನ್ನು ತಯಾರಿಸುವ ಕೆಲಸದಲ್ಲಿದ್ದೇನೆ, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಓದಿ. ವಿಆರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಸರಕು ಮಾರಾಟವಾಗುತ್ತಿದೆ. ಒಂದು 360 ಡಿಗ್ರಿ ವಿಡಿಯೊ: ತಲೆ ತಿರುಗಿಸಿ ಸುತ್ತ ನೋಡಬಹುದು, ಆದರೆ ಒಂದು ಹೆಜ್ಜೆ ಮುಂದಿಟ್ಟು ವಸ್ತುವನ್ನು ಮುಟ್ಟಲಾಗದು. ಇದು ಅಗ್ಗ, ಹೊಸಬರಿಗೆ ಘಟಕದ ಪರಿಚಯ ಮಾಡಿಕೊಡಲು ಸಾಕಾಗುತ್ತದೆ. ಇನ್ನೊಂದು ಮೂರು ಆಯಾಮದ ಮಾದರಿ: ಅದರೊಳಗೆ ನಡೆಯಬಹುದು, ಆಯ್ಕೆ ಮಾಡಬಹುದು, ತಪ್ಪಿದರೆ ಪರಿಣಾಮ ಎದುರಿಗೇ ಕಾಣುತ್ತದೆ. ಪಣಂಬೂರಿನವರು ವಿವರಿಸಿದ ತರಬೇತಿಗೆ ಎರಡನೆಯದೇ ಬೇಕು, ಅದರಲ್ಲೂ ನಿಮ್ಮದೇ ಕಂಪ್ರೆಸರ್ ಕೋಣೆಯ ಮಾದರಿ ಬೇಕು.

ವೆಚ್ಚದ ಬಗ್ಗೆ ಕಂಪನಿಯವರು ಪಿಡಬ್ಲ್ಯುಸಿ ಎಂಬ ಸಲಹಾ ಸಂಸ್ಥೆಯ 2020ರ ಅಧ್ಯಯನವನ್ನು ಖಂಡಿತ ಮುಂದಿಡುತ್ತಾರೆ. ಅದರ ಲೆಕ್ಕದಂತೆ ಕಲಿಯುವವರು 375 ಮಂದಿ ಇದ್ದಾಗ ವಿಆರ್ ವೆಚ್ಚ ತರಗತಿಯ ವೆಚ್ಚಕ್ಕೆ ಸಮನಾಗುತ್ತದೆ. ಆದರೆ ಆ ಪಾಠದ ವಿಷಯ ವ್ಯವಸ್ಥಾಪಕರ ನಡವಳಿಕೆ, ಲೆಕ್ಕ ಅಮೆರಿಕದ ಸಂಬಳದ್ದು. ತರಬೇತುದಾರರ ಒಂದು ದಿನದ ವೆಚ್ಚ ಇಲ್ಲಿ ಅಷ್ಟು ದುಬಾರಿಯಲ್ಲದ್ದರಿಂದ ಸಮನಾಗುವ ಸಂಖ್ಯೆ ನಮ್ಮಲ್ಲಿ ಇನ್ನೂ ಮೇಲಿರುತ್ತದೆ. ವಾಲ್‌ಮಾರ್ಟ್ 2018ರಲ್ಲಿ ತನ್ನ ಅಮೆರಿಕದ ಮಳಿಗೆಗಳಿಗೆ 17,000 ಹೆಡ್‌ಸೆಟ್ ಕಳುಹಿಸುವುದಾಗಿ ಪ್ರಕಟಿಸಿತು. ಆ ಗಾತ್ರಕ್ಕೆ ಒಂದೇ ಪಾಠದ ಖರ್ಚು ಹಂಚಿಹೋಗುತ್ತದೆ. ನೀವು ಅದೇ ಅನುಕೂಲ ಪಡೆಯಬೇಕಾದರೆ ಮಲ್ಪೆ ಮತ್ತು ಮಂಗಳೂರು ದಕ್ಕೆಯ ಐಸ್ ಪ್ಲಾಂಟುಗಳು, ಶೈತ್ಯಾಗಾರಗಳು ಒಟ್ಟು ಸೇರಿ ಸಾಮಾನ್ಯ ಪಾಠವೊಂದನ್ನು ಮಾಡಿಸಿಕೊಂಡು, ನಕ್ಷೆಯನ್ನಷ್ಟೇ ತಮ್ಮ ತಮ್ಮ ಘಟಕಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ಕರಾರಿಗೆ ಸಹಿ ಹಾಕುವ ಮೊದಲು ಮೂಲ ಕಡತಗಳು ನಿಮ್ಮ ಸ್ವತ್ತೆಂದು ಬರೆಸಿಕೊಳ್ಳಿ. ಪೈಪ್‌ಲೈನ್ ಒಂದನ್ನು ಬದಲಿಸಿದಾಗಲೆಲ್ಲ ಕಂಪನಿಯವರ ಮುಂದೆ ಕೈಚಾಚುವಂತಾಗಬಾರದು. ಪಾಠವು ಓಪನ್‌ಎಕ್ಸ್‌ಆರ್ ಮಾನದಂಡಕ್ಕೆ, ಅಂದರೆ ಒಂದೇ ಪಾಠ ಬೇರೆ ಬೇರೆ ಕಂಪನಿಗಳ ಹೆಡ್‌ಸೆಟ್‌ಗಳಲ್ಲಿ ನಡೆಯಲು ಅನುವಾಗುವ ಮುಕ್ತ ಮಾನದಂಡಕ್ಕೆ ಬದ್ಧವಾಗಿರಲಿ. ಮೈಕ್ರೋಸಾಫ್ಟ್‌ನಂಥ ಸಂಸ್ಥೆಯೇ ತನ್ನ ಹೋಲೋಲೆನ್ಸ್ 2 ಎಂಬ ಹೆಡ್‌ಸೆಟ್ಟಿನ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿತು ಎಂಬುದು ನೆನಪಿರಲಿ. ಧ್ವನಿ ತುಳು, ಕನ್ನಡ, ಹಿಂದಿ, ಒಡಿಯಾಗಳಲ್ಲಿ ಇರಬೇಕು, ಸಾಧ್ಯವಾದರೆ ನಿಮ್ಮ ಮೇಲ್ವಿಚಾರಕರದೇ ಧ್ವನಿ ಇರಲಿ. ತುರ್ತಿನಲ್ಲಿ ಕೆಲಸಗಾರರು ಕೇಳಬೇಕಾದದ್ದು ಆ ಧ್ವನಿಯನ್ನೇ.

ಉತ್ತರ 3 (ಕೌಶಲ ಪ್ರಯೋಗಾಲಯ, ಮಣಿಪಾಲ):

ಕಲಿಕೆಯಾಗುತ್ತದೆಯೇ ಎಂಬ ನಿಮ್ಮ ಮೂಲ ಪ್ರಶ್ನೆಗೆ ವೈದ್ಯಕೀಯ ರಂಗದಿಂದ ಎರಡು ಸಾಕ್ಷ್ಯಗಳನ್ನು ಕೊಡಬಲ್ಲೆ, ಅವು ಒಂದಕ್ಕೊಂದು ವಿರುದ್ಧವಾಗಿರುವಂತೆ ಕಾಣುತ್ತವೆ. ಯೇಲ್ ವಿಶ್ವವಿದ್ಯಾಲಯದಲ್ಲಿ 16 ಕಿರಿಯ ಶಸ್ತ್ರವೈದ್ಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಆರ್ ಅಭ್ಯಾಸ ಪಡೆದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ಅಭ್ಯಾಸವಿಲ್ಲದವರು ಅಂಗಾಂಶಕ್ಕೆ ಗಾಯ ಮಾಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಇದಕ್ಕೆ ಪ್ರತಿಯಾಗಿ, ಡೆನ್ಮಾರ್ಕಿನ ಗೀಡೊ ಮಕ್ರಾನ್ಸ್ಕಿ ಮತ್ತು ಸಂಗಡಿಗರ 2019ರ ಅಧ್ಯಯನದಲ್ಲಿ, ಪ್ರಯೋಗಾಲಯದ ಪಾಠವನ್ನು ಹೆಡ್‌ಸೆಟ್ಟಿನಲ್ಲಿ ನೋಡಿದ ವಿದ್ಯಾರ್ಥಿಗಳು ಅಲ್ಲೇ ಇದ್ದ ಅನುಭವವನ್ನು ಹೆಚ್ಚಾಗಿ ಪಡೆದರೂ, ಅದನ್ನೇ ಕಂಪ್ಯೂಟರ್ ಪರದೆಯಲ್ಲಿ ನೋಡಿದವರಿಗಿಂತ ಕಡಿಮೆ ಕಲಿತರು. ನನ್ನ ದೃಷ್ಟಿಯಲ್ಲಿ ವ್ಯತ್ಯಾಸ ಇಲ್ಲಿದೆ: ಯೇಲ್‌ನವರು ಕೈಕೆಲಸವನ್ನು ಕಲಿಸಿದರು, ಅದೂ ನುರಿತ ವೈದ್ಯರ ಮಟ್ಟವನ್ನು ಮುಟ್ಟುವ ತನಕ ಬಿಡದೆ ಮಾಡಿಸಿದರು, ಇನ್ನೊಂದರಲ್ಲಿ ಓದಿ ತಿಳಿಯಬೇಕಾದ ವಿಷಯಕ್ಕೆ ದೃಶ್ಯದ ಆಡಂಬರ ಸೇರಿತ್ತು. ಆದ್ದರಿಂದ ಅಮೋನಿಯಾದ ಗುಣಲಕ್ಷಣಗಳನ್ನು ಕಪ್ಪುಹಲಗೆಯ ಮೇಲೆಯೇ ಕಲಿಸಿ. ಹೆಡ್‌ಸೆಟ್ಟಿನಲ್ಲಿ ಒಂದು ಸಲ ಕೂರಿಸಿ ಹಾಜರಿ ಹಾಕಿಕೊಳ್ಳುವ ಬದಲು, ತಪ್ಪಿಲ್ಲದೆ ಮುಗಿಸುವ ತನಕ ಮಾಡಿಸಿ. ಪ್ರತಿ ಸುತ್ತಿನ ಕೊನೆಗೆ, ಆ ಕ್ಷಣದಲ್ಲಿ ಹಾಗೇಕೆ ನಿರ್ಧರಿಸಿದಿರಿ ಎಂದು ಕೇಳಿ ಚರ್ಚಿಸಿ; ನಮ್ಮ ಪ್ರಯೋಗಾಲಯದಲ್ಲಿ ರೋಗಿಯ ಬದಲಿಗೆ ಬಳಸುವ ಗೊಂಬೆಯ ಮುಂದೆ ಕಳೆಯುವ ಸಮಯಕ್ಕಿಂತ ಆಮೇಲಿನ ಈ ಮಾತುಕತೆಗೇ ಹೆಚ್ಚು ಹೊತ್ತು ಮೀಸಲು.

ಪ್ರಶ್ನೆ ಕೇಳಿದವರಿಂದ:

ಮೂವರಿಗೂ ಕೃತಜ್ಞತೆಗಳು. ಸೇರುವ ಸ್ಥಳದ ಕುರಿತ ಮಾತನ್ನು ಇಂದೇ ಆಡಳಿತದ ಗಮನಕ್ಕೆ ತರುತ್ತೇನೆ. ಅದಕ್ಕೆ ಹೆಡ್‌ಸೆಟ್ ಬೇಕಾಗಿಲ್ಲ. ಒಂದು ಸಣ್ಣ ಸಂದೇಹ ಉಳಿದಿದೆ. ಪ್ರಾತ್ಯಕ್ಷಿಕೆಯ ದಿನ ಇಬ್ಬರಿಗೆ ತಲೆಸುತ್ತು ಬಂತು, ಕನ್ನಡಕ ಹಾಕಿದವರು ಪರದಾಡಿದರು, ಒಬ್ಬರ ಬೆವರು ತಾಗಿದ ಸ್ಪಂಜನ್ನು ಇನ್ನೊಬ್ಬರು ಮುಖಕ್ಕೆ ಹಚ್ಚಲು ಹಿಂಜರಿದರು. ಇದಕ್ಕೆ ಪರಿಹಾರವುಂಟೇ?

ಉತ್ತರ 2ರವರಿಂದ:

ಕಣ್ಣು ಚಲನೆಯನ್ನು ಕಂಡು, ಒಳಕಿವಿಗೆ ಅದು ತಿಳಿಯದೆ ಹೋದಾಗ ತಲೆ ಸುತ್ತುತ್ತದೆ. ಪಾಠದೊಳಗೆ ತೇಲಿಕೊಂಡು ಸಾಗುವ ಚಲನೆಯನ್ನು ತೆಗೆಸಿ, ಒಂದು ಜಾಗದಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುವಂತೆ ಮಾಡಿಸಿ. ಒಂದು ಸುತ್ತು ಹತ್ತು ಹದಿನೈದು ನಿಮಿಷ ಮೀರದಿರಲಿ, ಮೊದಲ ಸಲ ಕುರ್ಚಿಯಲ್ಲಿ ಕೂರಿಸಿಯೇ ತೋರಿಸಿ. ಎರಡು ಮಸೂರಗಳ ಅಂತರವನ್ನು ಪ್ರತಿಯೊಬ್ಬರ ಕಣ್ಣಿಗೆ ತಕ್ಕಂತೆ ಸರಿಪಡಿಸಬೇಕು, ಕನ್ನಡಕದವರಿಗೆ ಸ್ಪೇಸರ್ ಎಂಬ ಚೌಕಟ್ಟು ಬರುತ್ತದೆ. ಸ್ಪಂಜಿನ ಬದಲು ಒರೆಸಬಹುದಾದ ಸಿಲಿಕೋನ್ ಹೊದಿಕೆ ತರಿಸಿ. ಮಳೆಗಾಲದಲ್ಲಿ ಹೆಡ್‌ಸೆಟ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ನಮ್ಮೂರಿನ ತೇವಕ್ಕೆ ಮಸೂರದ ಮೇಲೆ ಬೂಷ್ಟು ಬರುತ್ತದೆ. ಇಷ್ಟಾದ ಮೇಲೂ ತಲೆಸುತ್ತು ಬರುವವರು ಕೆಲವರು ಇದ್ದೇ ಇರುತ್ತಾರೆ; ಅವರಿಗೆ ಅದೇ ಪಾಠ ಕಂಪ್ಯೂಟರ್ ಪರದೆಯಲ್ಲೂ ನಡೆಯುವಂತಿರಬೇಕೆಂಬ ಷರತ್ತನ್ನು ಕರಾರಿಗೆ ಸೇರಿಸಿಬಿಡಿ.